ಕಥೆ ಹೇಳುವುದು ಬೇರೆ, ಕಥೆಯ ಬಗ್ಗೆ ಹೇಳುವುದು ಬೇರೆ

ಇಂಗ್ಲಿಷ್ ಪಠ್ಯದ ಒಂದು ಕಥೆಯನ್ನು ತೋರಿಸಿ, ಇದನ್ನು ವಿಶ್ಲೇಷಿಸಿ ಪ್ರಬಂಧ ಬರೆಯಿರಿ ಎಂದರೆ ನಮ್ಮ ಮಕ್ಕಳು ಸಾಮಾನ್ಯವಾಗಿ ಆ ಕಥೆಯನ್ನೇ ಮತ್ತೆ ಹೇಳುತ್ತಾರೆ. ಮೊದಲು ಹೀಗಾಯಿತು, ಆಮೇಲೆ ಹಾಗಾಯಿತು, ಕೊನೆಗೆ ಎಲ್ಲ ಸರಿಹೋಯಿತು, ಆದ್ದರಿಂದ ಇದು ಒಳ್ಳೆಯ ಕಥೆ. ಎರಡು ಪುಟ ತುಂಬಿರುತ್ತದೆ. ಅಕ್ಷರ ದುಂಡಗಿರುತ್ತದೆ, ವ್ಯಾಕರಣದ ತಪ್ಪೂ ಹೆಚ್ಚಿರುವುದಿಲ್ಲ. ಆದರೂ ಅಂಕ ಅರ್ಧಕ್ಕಿಂತ ಮೇಲೆ ಹೋಗುವುದಿಲ್ಲ. ಮಗುವಿಗೆ ಇಂಗ್ಲಿಷ್ ಸಾಲದು ಎಂದುಕೊಂಡು ಮನೆಯವರು ಟ್ಯೂಷನ್ನಿಗೆ ಹಾಕುತ್ತಾರೆ. ಕೊರತೆ ಇಂಗ್ಲಿಷಿನಲ್ಲಿ ಇಲ್ಲ. ಕಥೆ ಹೇಳುವುದು ಒಂದು ಕೆಲಸ, ಕಥೆಯ ಬಗ್ಗೆ ತನ್ನದೊಂದು ಮಾತು ಹೇಳಿ ಅದನ್ನು ಓದುವವರು ಒಪ್ಪುವಂತೆ ಮಾಡುವುದು ಇನ್ನೊಂದು ಕೆಲಸ ಎಂದು ಆ ಮಗುವಿಗೆ ಯಾರೂ ಬಿಡಿಸಿ ಹೇಳಿಲ್ಲ, ಅಷ್ಟೇ.

ಕರಣಕೋಟದಂಥ ಊರನ್ನು ಕಣ್ಣ ಮುಂದೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ತಾಂಡೂರಿನ ಪಕ್ಕದ ಈ ಊರನ್ನು ಹೊರಗಿನವರು ಬಲ್ಲದ್ದು ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾದ ಕಾರ್ಖಾನೆಯಿಂದ. ಸುತ್ತಲಿನವರಿಗೆ ಅಷ್ಟೇ ಹತ್ತಿರದ್ದು ಗಣಿಯ ಕಲ್ಲು ಮತ್ತು ತೊಗರಿ. 1956ರ ನವೆಂಬರ್ 1ರವರೆಗೆ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ನಾರಾಯಣಖೇಡ, ಜಹೀರಾಬಾದ್ ಬೀದರ್ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಇವೆಲ್ಲ ಆಂಧ್ರಪ್ರದೇಶಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ಗಡಿಯ ಗೆರೆ ಸರಿದರೂ ಎಷ್ಟೋ ಮನೆಗಳ ಅಡುಗೆಮನೆಯ ಮಾತು ಕನ್ನಡವಾಗಿಯೇ ಉಳಿಯಿತು. ಹೀಗಾಗಿ ಇಲ್ಲಿಯ ಹುಡುಗ ಹುಡುಗಿಯರು ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು, ಕಚೇರಿಯಲ್ಲಿ ತೆಲುಗು ಎಂದು ಮೂರು ಕಡೆ ಮೂರು ಮಾತು ಆಡುತ್ತಾರೆ. 2022-23ರಿಂದ ತೆಲಂಗಾಣದ ಸರ್ಕಾರಿ ಶಾಲೆಗಳಿಗೂ ಇಂಗ್ಲಿಷ್ ಮಾಧ್ಯಮ ಬಂದ ಮೇಲೆ ಬರೆಯುವುದಕ್ಕೆ ನಾಲ್ಕನೆಯದೊಂದು ಸೇರಿಕೊಂಡಿತು.

ಇದನ್ನು ಎಲ್ಲರೂ ಹೊರೆ ಎಂದೇ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅಜ್ಜಿಯ ಜೊತೆ ತಾಂಡೂರಿನ ದವಾಖಾನೆಗೆ ಹೋದ ಹುಡುಗಿ, ಡಾಕ್ಟರು ತೆಲುಗಿನಲ್ಲಿ ಹೇಳಿದ್ದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುವಾಗ ಶಬ್ದಕ್ಕೆ ಶಬ್ದ ಒಪ್ಪಿಸುವುದಿಲ್ಲ. ಮುಖ್ಯವಾದದ್ದನ್ನು ಆರಿಸಿಕೊಳ್ಳುತ್ತಾಳೆ. ಯಾಕೆ ಹಾಗೆ ಎಂದು ಅಜ್ಜಿ ಕೇಳಿದರೆ ಕಾರಣ ಕೊಡುತ್ತಾಳೆ. ಡಾಕ್ಟರು ಹೀಗೇ ಅಂದರು ಎಂದು ಆಧಾರ ತೋರಿಸುತ್ತಾಳೆ. ಸಾಹಿತ್ಯದ ವಿಶ್ಲೇಷಣೆಗೆ ಬೇಕಾಗುವುದು ಈ ಮೂರೇ: ಆರಿಸುವುದು, ಆಧಾರ ತೋರಿಸುವುದು, ಕಾರಣ ಹೇಳುವುದು. ದವಾಖಾನೆಯಲ್ಲಿ ಸಲೀಸಾಗಿ ಬರುವ ಈ ಶಕ್ತಿ ಉತ್ತರ ಪತ್ರಿಕೆಯ ಮುಂದೆ ಕೂತಾಗ ಕಾಣದಂತಾಗುವುದು ಯಾಕೆ ಎಂಬುದೇ ನಾವು ಯೋಚಿಸಬೇಕಾದ ವಿಷಯ.

ಈ ವಿದ್ಯೆ ಎಲ್ಲಿಂದಲೋ ಬಂದದ್ದು ಎಂದುಕೊಳ್ಳುವ ಅಗತ್ಯವೂ ಇಲ್ಲ. ತಾಂಡೂರಿನ ಬದಿಯಲ್ಲಿ ಹರಿಯುವ ಕಾಗಿಣಾ ಹೊಳೆ ಕರ್ನಾಟಕದೊಳಗೆ ಹೊಕ್ಕು, ಸೇಡಂ ತಾಲ್ಲೂಕಿನ ಮಳಖೇಡದ ಕೋಟೆಯ ಪಕ್ಕದಲ್ಲಿ ಹಾದು ಭೀಮೆಯನ್ನು ಸೇರುತ್ತದೆ. ಈ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ ಹುಟ್ಟಿದ್ದು 'ಕವಿರಾಜಮಾರ್ಗ'. ನಮಗೆ ಸಿಕ್ಕಿರುವ ಕನ್ನಡದ ಅತ್ಯಂತ ಹಳೆಯ ಗ್ರಂಥ ಕಥೆ ಹೇಳುವ ಗ್ರಂಥವಲ್ಲ. ಕಾವ್ಯದಲ್ಲಿ ಯಾವುದು ದೋಷ, ಯಾವುದು ಗುಣ, ಯಾವುದು ಅಲಂಕಾರ ಎಂದು ವಿಚಾರ ಮಾಡುವ ಗ್ರಂಥ. ಅಂದರೆ ನಮ್ಮ ಭಾಷೆಯ ಸಿಕ್ಕಿರುವ ಮೊದಲ ಪುಸ್ತಕವೇ ಸಾಹಿತ್ಯದ ವಿಶ್ಲೇಷಣೆ. ಅದರ ಕ್ರಮ ಗಮನಿಸಿ: ಮೊದಲು ಲಕ್ಷಣ, ಆಮೇಲೆ ಲಕ್ಷ್ಯ. ಒಂದು ಮಾತನ್ನು ಹೇಳಿ, ಅದಕ್ಕೊಂದು ಉದಾಹರಣೆಯ ಪದ್ಯ ಕೊಡುವುದು. ದೋಷಗಳ ಭಾಗದಲ್ಲಂತೂ ತಪ್ಪಿರುವ ಪದ್ಯವನ್ನು ತೋರಿಸಿ, ತಿದ್ದಿದರೆ ಅದು ಹೇಗಾಗುತ್ತದೆ ಎಂಬುದನ್ನೂ ತೋರಿಸುತ್ತದೆ. ಒಳ್ಳೆಯ ಮೇಷ್ಟ್ರು ಬೋರ್ಡಿನ ಮೇಲೆ ಮಾಡುವುದೂ ಇದನ್ನೇ.

ಇನ್ನೊಂದು ದಿಕ್ಕಿನಲ್ಲಿ ಮೆದಕ್ ಜಿಲ್ಲೆಯ ಕೊಲ್ಚಾರಂ ಇದೆ. ಕಾಳಿದಾಸನ ಕಾವ್ಯಗಳಿಗೆ 'ಸಂಜೀವಿನಿ' ಎಂಬ ವ್ಯಾಖ್ಯಾನ ಬರೆದ ಮಲ್ಲಿನಾಥಸೂರಿಯ ಊರು ಅದು ಎಂಬ ನಂಬಿಕೆಯಿದೆ. 2016ರಲ್ಲಿ ಜಿಲ್ಲೆಗಳು ಒಡೆಯುವವರೆಗೆ ನಾರಾಯಣಖೇಡ, ಜಹೀರಾಬಾದ್ ಕೂಡ ಅದೇ ಮೆದಕ್ ಜಿಲ್ಲೆಯವು. ಮೂಲದಲ್ಲಿ ಆಧಾರವಿಲ್ಲದ್ದನ್ನು ಬರೆಯುವುದಿಲ್ಲ, ಬೇಡದ್ದನ್ನು ಹೇಳುವುದಿಲ್ಲ ಎಂಬುದು ಮಲ್ಲಿನಾಥ ತನಗೆ ತಾನೇ ಹಾಕಿಕೊಂಡ ಕಟ್ಟುಪಾಡು. ಇಂದಿನ ಇಂಗ್ಲಿಷ್ ತರಗತಿಯಲ್ಲಿ ವಿಶ್ಲೇಷಣಾ ಪ್ರಬಂಧಕ್ಕೆ ಅಂಕ ಕೊಡುವವರು ನೋಡುವುದು ಬಹುಪಾಲು ಈ ಎರಡನ್ನೇ. ಹೇಳಿದ್ದಕ್ಕೆ ಪಠ್ಯದಲ್ಲಿ ಆಧಾರವಿದೆಯೇ? ಬೇಡದ್ದು ಎಷ್ಟು ತುಂಬಿದೆ?

ಈಗ ಒಂದು ಕಥೆಯನ್ನು ಕೈಗೆತ್ತಿಕೊಂಡು ನೋಡೋಣ. ಸುಧಾ ಮೂರ್ತಿ ಇಂಗ್ಲಿಷಿನಲ್ಲಿ ಬರೆದ 'ಹೌ ಐ ಟಾಟ್ ಮೈ ಗ್ರ್ಯಾಂಡ್‌ಮದರ್ ಟು ರೀಡ್' ಸಿಬಿಎಸ್‌ಇ ಒಂಬತ್ತನೆಯ ತರಗತಿಯ ಮಕ್ಕಳು ವರ್ಷಗಟ್ಟಲೆ ಓದಿದ ಪಾಠ. ಇಂಗ್ಲಿಷಿನಲ್ಲಿದ್ದರೂ ಅದರ ಒಳಗಿರುವುದೆಲ್ಲ ಕನ್ನಡ. ಉತ್ತರ ಕರ್ನಾಟಕದ ಒಂದು ಹಳ್ಳಿ, 'ಕರ್ಮವೀರ' ವಾರಪತ್ರಿಕೆ, ಅದರಲ್ಲಿ ಧಾರಾವಾಹಿಯಾಗಿ ಬರುತ್ತಿದ್ದ ತ್ರಿವೇಣಿಯವರ 'ಕಾಶಿಯಾತ್ರೆ' ಕಾದಂಬರಿ. ಓದು ಬಾರದ ಅಜ್ಜಿಗೆ ಮೊಮ್ಮಗಳು ಪ್ರತಿವಾರ ಅದನ್ನು ಓದಿ ಹೇಳುತ್ತಾಳೆ. ಮೊಮ್ಮಗಳು ಪಕ್ಕದ ಊರಿಗೆ ಮದುವೆಗೆ ಹೋಗಿ ಅಂದುಕೊಂಡದ್ದಕ್ಕಿಂತ ಹೆಚ್ಚು ದಿನ ಉಳಿಯುತ್ತಾಳೆ. ಆ ವಾರದ ಪತ್ರಿಕೆ ಬರುತ್ತದೆ, ಅಜ್ಜಿಗೆ ಓದಲಾಗುವುದಿಲ್ಲ. ಮೊಮ್ಮಗಳು ತಿರುಗಿ ಬಂದಾಗ ಅಜ್ಜಿ ಅಳುತ್ತಾಳೆ, ಬರುವ ದಸರೆಯ ಸರಸ್ವತಿ ಪೂಜೆಯ ಹೊತ್ತಿಗೆ ತಾನೇ ಓದುವಂತಾಗಬೇಕು ಎಂದು ಹಟ ಹಿಡಿಯುತ್ತಾಳೆ. ಕಲಿಯುತ್ತಾಳೆ. ಪೂಜೆಯ ದಿನ ಮೊಮ್ಮಗಳ ಕಾಲು ಮುಟ್ಟಿ ನಮಸ್ಕರಿಸುತ್ತಾಳೆ.

ವಿಶ್ಲೇಷಣಾ ಪ್ರಬಂಧದಲ್ಲಿ ಕಥಾಸಾರಕ್ಕೆ ಇಷ್ಟು ಜಾಗ ಕೂಡ ಹೆಚ್ಚೇ. ಓದುವವರು ಕಥೆ ಓದಿದ್ದಾರೆ ಎಂದೇ ಇಟ್ಟುಕೊಂಡು ಬರೆಯಬೇಕು. ಹಾಗಾದರೆ ಬರೆಯುವುದೇನು? ಅದು ಒಂದು ಪ್ರಶ್ನೆಯಿಂದ ಹುಟ್ಟುತ್ತದೆ. ಆ ಪ್ರಶ್ನೆಯನ್ನು ಮೊದಲು ಮನೆಮಾತಿನಲ್ಲೇ ಕೇಳಿ ನೋಡಿ ಎಂಬುದು ನನ್ನ ಒತ್ತಾಯ. ತರಗತಿಯಲ್ಲಿ ಹೀಗೊಂದು ಮಾತು ನಡೆಯಿತು ಎಂದುಕೊಳ್ಳಿ:

"ಅಜ್ಜಿ ಯಾಕ ಅತ್ತಳು?"

"ಓದಲಿಕ್ಕಿ ಬರಲಿಲ್ಲಂತ ಅತ್ತಳ್ರಿ ಸರ್."

"ಊರಾಗ ಓದು ಬರೋರು ಇದ್ರಲ್ಲ, ಕರದು ಓದಿಸಬಹುದಿತ್ತಲ್ಲ?"

"ಮಂದಿನ್ನ ಕೇಳಲಿಕ್ಕಿ ಆಕಿಗಿ ನಾಚಿಕಿ ಬಂತ್ರಿ. ಒಬ್ಬರ ಹಂಗಿನ್ಯಾಗ ಇರೋದು ಆಕಿಗಿ ಬ್ಯಾಡಾಗಿತ್ತು."

ಇಲ್ಲಿಗೆ ಪ್ರಬಂಧದ ಜೀವ ಹುಟ್ಟಿತು. ಆ ಕೊನೆಯ ಉತ್ತರವನ್ನು ಸ್ವಲ್ಪ ಬಿಗಿ ಮಾಡಿದರೆ ಸಾಕು: ಈ ಕಥೆಯಲ್ಲಿ ಅಜ್ಜಿ ಅಕ್ಷರ ಕಲಿಯುವುದು ಜ್ಞಾನ ಹೆಚ್ಚಿಸಿಕೊಳ್ಳುವುದಕ್ಕಲ್ಲ, ಯಾರ ಹಂಗಿನಲ್ಲೂ ಇರದಿರುವುದಕ್ಕೆ. ಇಂಗ್ಲಿಷ್ ಅಧ್ಯಾಪಕರು ಥೀಸಿಸ್ ಸ್ಟೇಟ್‌ಮೆಂಟ್ ಎನ್ನುವುದು ಇದನ್ನೇ. ಕನ್ನಡದಲ್ಲಿ ವಾದ ಎನ್ನೋಣ. ಇಡೀ ಪ್ರಬಂಧ ಇದೊಂದು ವಾಕ್ಯಕ್ಕಾಗಿ ದುಡಿಯಬೇಕು.

ಒಂದು ವಾಕ್ಯ ವಾದವೋ ಅಲ್ಲವೋ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಅದನ್ನು ಯಾರಾದರೂ ಅಲ್ಲಗಳೆಯಲು ಸಾಧ್ಯವೇ? 'ಅಜ್ಜಿ ಅರವತ್ತೆರಡನೆಯ ವಯಸ್ಸಿನಲ್ಲಿ ಓದು ಕಲಿತಳು' ಎಂಬುದು ಕಥೆಯಲ್ಲಿ ನಡೆದ ಸಂಗತಿ, ಅದಕ್ಕೆ ಎದುರು ಮಾತಿಲ್ಲ. 'ಶಿಕ್ಷಣ ಬಹಳ ಮುಖ್ಯ' ಎಂಬುದು ಯಾವ ಕಥೆಗೂ ಅಂಟಿಸಬಹುದಾದ ಮಾತು, ಅದಕ್ಕೂ ಎದುರು ಮಾತಿಲ್ಲ. ಆದರೆ ಹಂಗಿಲ್ಲದಿರುವುದಕ್ಕೆ ಕಲಿಯುತ್ತಾಳೆ ಎಂದಾಗ ಹಿಂದಿನ ಬೆಂಚಿನಿಂದ ಒಬ್ಬಳು ಏಳಬಹುದು: ಇಲ್ಲ ಸರ್, ಆಕೆಗೆ ಕಾದಂಬರಿ ಮುಂದೇನಾಯಿತು ಎಂದು ತಿಳಿಯುವ ಆಸೆ, ಅದಕ್ಕೇ ಕಲಿತಳು. ಇದು ಒಳ್ಳೆಯ ಆಕ್ಷೇಪಣೆ. ಇಂಥ ಆಕ್ಷೇಪಣೆ ಎದ್ದರೆ ವಾದದಲ್ಲಿ ಹುರುಳಿದೆ ಎಂದೇ ಅರ್ಥ. ಅದಕ್ಕೆ ಉತ್ತರವನ್ನು ಪ್ರಬಂಧದೊಳಗೇ ಕೊಡಬೇಕು. ಕಥೆ ತಿಳಿಯುವ ಆಸೆಯಷ್ಟೇ ಆಗಿದ್ದರೆ ಮೊಮ್ಮಗಳು ತಿರುಗಿ ಬಂದ ದಿನವೇ ಅದು ತೀರಬಹುದಿತ್ತು, ಆಕೆ ಉಳಿದದ್ದನ್ನೆಲ್ಲ ಓದಿ ಹೇಳುತ್ತಿದ್ದಳು. ಅಜ್ಜಿ ಹಟ ಹಿಡಿಯುವುದು ಮೊಮ್ಮಗಳು ಬಂದ ಮೇಲೆ. ಓದಿ ಹೇಳುವವಳು ಎದುರಿಗಿದ್ದರೂ ಆಕೆಗೆ ಅದು ಸಾಕಾಗುವುದಿಲ್ಲ.

ಮೊದಲ ಪ್ಯಾರಾ ಚಿಕ್ಕದಿರಲಿ. ಯಾವ ಕೃತಿ, ಯಾರದು, ಯಾವ ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ, ನನ್ನ ವಾದವೇನು, ಇಷ್ಟು ಸಾಕು. ಲೇಖಕಿ ಎಲ್ಲಿ ಹುಟ್ಟಿದರು, ಯಾವ ಪ್ರಶಸ್ತಿ ಪಡೆದರು ಎಂಬ ಗೈಡಿನ ಸಾಲುಗಳನ್ನು ಇಳಿಸಿದರೆ ಅರ್ಧ ಪುಟ ಸವೆಯುತ್ತದೆ, ವಾದ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಪ್ರಪಂಚದಲ್ಲಿ ಸಾಹಿತ್ಯ ಬಹಳ ಮಹತ್ವದ್ದು ಎಂಬಂಥ ಆರಂಭವನ್ನೂ ಮಕ್ಕಳಿಂದ ಬಿಡಿಸಬೇಕು. ಅದನ್ನು ನಾವೇ ಕಲಿಸಿದ್ದೇವೆ, ನಾವೇ ಬಿಡಿಸಬೇಕು.

ನಡುವಿನ ಪ್ಯಾರಾಗಳಲ್ಲೇ ನಿಜವಾದ ಕೆಲಸವಿರುವುದು. ಕವಿರಾಜಮಾರ್ಗದ ಕ್ರಮದಲ್ಲಿ ಮೊದಲು ದೋಷವಿರುವ ಒಂದು ಪ್ಯಾರಾ ನೋಡೋಣ. ಅನುಕೂಲಕ್ಕೆ ಕನ್ನಡದಲ್ಲೇ ಇಡುತ್ತೇನೆ:

"ಅಜ್ಜಿಗೆ ಓದು ಬರುತ್ತಿರಲಿಲ್ಲ. ಮೊಮ್ಮಗಳು ಮದುವೆಗೆ ಹೋದಳು. ಪತ್ರಿಕೆ ಬಂದಾಗ ಅಜ್ಜಿಗೆ ಬಹಳ ದುಃಖವಾಯಿತು. ಅವಳು ಪುಟಗಳ ಮೇಲೆ ಕೈಯಾಡಿಸಿದಳು. ಇದರಿಂದ ಓದು ಎಷ್ಟು ಮುಖ್ಯ ಎಂದು ನಮಗೆ ತಿಳಿಯುತ್ತದೆ. ಎಲ್ಲರೂ ಓದು ಕಲಿಯಬೇಕು."

ಇದರಲ್ಲಿ ಸುಳ್ಳು ಏನೂ ಇಲ್ಲ. ಒಳ್ಳೆಯ ಆಧಾರವೊಂದು ಕೂಡ ಇದೆ: ಪುಟದ ಮೇಲೆ ಕೈಯಾಡಿಸಿದ ವಿವರ. ಆದರೆ ಬರೆದವರು ಅದನ್ನು ಎತ್ತಿ ತೋರಿಸಿ ಅಲ್ಲೇ ಬಿಟ್ಟು, ಉಪದೇಶಕ್ಕೆ ಹೊರಟುಹೋದರು. ಈಗ ಅದನ್ನೇ ತಿದ್ದಿ:

"ಅಜ್ಜಿಯ ದುಃಖ ಹಣದಿಂದಾಗಲಿ ಇನ್ನೊಬ್ಬರ ಸಹಾಯದಿಂದಾಗಲಿ ತೀರುವಂಥದ್ದಲ್ಲ. ಮನೆಯಲ್ಲಿ ಅನುಕೂಲವಿದೆ, ಪತ್ರಿಕೆ ಕೈಯಲ್ಲೇ ಇದೆ, ಊರಿನಲ್ಲಿ ಓದಬಲ್ಲವರೂ ಇದ್ದಾರೆ. ಆದರೂ ಆಕೆ ಸಂಕೋಚದಿಂದ ಯಾರನ್ನೂ ಕೇಳದೆ ಪುಟಗಳ ಮೇಲೆ ಕೈಯಾಡಿಸುತ್ತಾಳೆ. ಕಣ್ಣು ಮಾಡಬೇಕಾದ ಕೆಲಸವನ್ನು ಬೆರಳಿನಿಂದ ಮಾಡಲು ಹೊರಡುವುದು ಆಕೆಯ ಅಸಹಾಯಕತೆಯನ್ನು ತೋರಿಸಿದರೆ, ಕೇಳಲು ಹಿಂಜರಿಯುವುದು ಆಕೆಯ ಸ್ವಾಭಿಮಾನವನ್ನು ತೋರಿಸುತ್ತದೆ. ಈ ಎರಡೂ ಒಬ್ಬಳಲ್ಲೇ ಇರುವುದರಿಂದ ಬೇರೆಯವರಿಂದ ಓದಿಸಿಕೊಳ್ಳುವುದು ಆಕೆಗೆ ಪರಿಹಾರವೇ ಆಗುವುದಿಲ್ಲ, ತಾನೇ ಕಲಿಯುವ ದಾರಿಯೊಂದೇ ಉಳಿಯುತ್ತದೆ."

ಘಟನೆಗಳು ಹೆಚ್ಚುಕಡಿಮೆ ಅವೇ. ಬದಲಾದದ್ದು ಅವುಗಳ ಸ್ಥಾನ. ಮೊದಲ ವಾಕ್ಯ ಈ ಪ್ಯಾರಾ ಏನನ್ನು ಸಾಧಿಸುತ್ತದೆ ಎಂದು ಹೇಳಿತು. ನಡುವೆ ಪಠ್ಯದಿಂದ ಆಧಾರ ಬಂತು. ಆಧಾರದ ಹಿಂದೆಯೇ ಅದರ ಬಿಡಿಸುವಿಕೆ ಬಂತು, ಅದೂ ಆಧಾರಕ್ಕಿಂತ ಉದ್ದವಾಗಿ. ಈ ಉದ್ದದ ಬಗ್ಗೆ ಮಕ್ಕಳಿಗೆ ಎಷ್ಟು ಸಲ ಹೇಳಿದರೂ ಸಾಲದು. ಪಠ್ಯದ ಒಂದು ಸಾಲನ್ನು ಎತ್ತಿಕೊಂಡರೆ ಅದರ ಬಗ್ಗೆ ಎರಡು ಮೂರು ಸಾಲಾದರೂ ತಾವು ಬರೆಯಬೇಕು. ನಾಲ್ಕು ಸಾಲು ಎತ್ತಿಕೊಂಡು 'ಇದರಿಂದ ಸ್ಪಷ್ಟವಾಗುತ್ತದೆ' ಎಂದು ಮುಗಿಸಿದರೆ ಏನೂ ಸ್ಪಷ್ಟವಾಗುವುದಿಲ್ಲ.

ಎರಡನೆಯ ಆಧಾರವಾಗಿ ಪೂಜೆಯ ದಿನದ ನಮಸ್ಕಾರವನ್ನು ತೆಗೆದುಕೊಳ್ಳಬಹುದು. ದೊಡ್ಡವರು ಚಿಕ್ಕವರ ಕಾಲು ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ, ಮೊಮ್ಮಗಳಿಗೂ ಅದು ಆಶ್ಚರ್ಯ. ನಾನು ಗುರುವಿಗೆ ನಮಸ್ಕರಿಸುತ್ತಿದ್ದೇನೆ ಎಂಬ ಅರ್ಥದಲ್ಲಿ ಅಜ್ಜಿ ಉತ್ತರ ಕೊಡುತ್ತಾಳೆ. ಹೆಚ್ಚಿನ ಗೈಡುಗಳು ಇಲ್ಲಿ 'ಗುರುಭಕ್ತಿ' ಎಂದು ಬರೆದು ನಿಲ್ಲಿಸುತ್ತವೆ. ನಮ್ಮ ವಾದವನ್ನು ಹಿಡಿದು ನೋಡಿದರೆ ಇನ್ನೊಂದು ಕಾಣುತ್ತದೆ. ಅಜ್ಜಿ ನಮಸ್ಕಾರ ಮಾಡುವುದಕ್ಕೆ ಮೊದಲೇ ಮೊಮ್ಮಗಳಿಗೆ ಬಟ್ಟೆ ಉಡುಗೊರೆ ಕೊಟ್ಟಿರುತ್ತಾಳೆ. ಕಲಿಸಿದವಳಿಗೆ ದಕ್ಷಿಣೆ ಸಂದಿತು, ಗೌರವವೂ ಸಂದಿತು. ಹಂಗಿಗೆ ಅಂಜಿದ ಹೆಂಗಸು ತನ್ನ ಮೊಮ್ಮಗಳ ಹಂಗನ್ನೂ ಉಳಿಸಿಕೊಳ್ಳುವುದಿಲ್ಲ. ಒಂದು ವಾದ ಕೈಯಲ್ಲಿದ್ದರೆ ಎಲ್ಲರೂ ಓದಿದ ಜಾಗದಲ್ಲಿ ಯಾರೂ ಹೇಳದ ಮಾತು ಸಿಗುತ್ತದೆ. ಮಕ್ಕಳು ಇದನ್ನು ತಾವೇ ಕಂಡುಕೊಂಡಾಗ ಆಗುವ ಸಂತೋಷ ದೊಡ್ಡದು, ಆ ಸಂತೋಷವನ್ನು ಬಾಯಿಪಾಠ ಕಸಿದುಕೊಳ್ಳುತ್ತದೆ.

ಮೂರನೆಯದು ಕಥೆಯ ಕೊನೆ. ಮೊಮ್ಮಗಳು ಗುಟ್ಟಾಗಿ ಕೊಂಡು ತಂದ 'ಕಾಶಿಯಾತ್ರೆ' ಪುಸ್ತಕವನ್ನು ಅಜ್ಜಿಗೆ ಕೊಡುತ್ತಾಳೆ. ಅಜ್ಜಿ ಪುಸ್ತಕದ ಹೆಸರು ಓದುತ್ತಾಳೆ, ಲೇಖಕಿಯ ಹೆಸರು ಓದುತ್ತಾಳೆ, ಪ್ರಕಾಶಕರ ಹೆಸರನ್ನೂ ಓದುತ್ತಾಳೆ. ಪ್ರಕಾಶಕರ ಹೆಸರು ಯಾಕೆ? ಕಥೆ ಬೇಕಾದವರು ಅದನ್ನು ಓದುವುದಿಲ್ಲ. ಆ ಮೂರನೆಯ ಹೆಸರನ್ನು ಲೇಖಕಿ ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ. ಯಾರೂ ಓದಿ ಹೇಳದ, ಯಾರೂ ಓದಿ ಹೇಳಲು ಆಸಕ್ತಿ ತೋರದ ಸಾಲನ್ನು ಆಕೆ ತನ್ನ ಕಣ್ಣಿನಿಂದಲೇ ಓದುತ್ತಾಳೆ. ಹಿಂದಿನ ಬೆಂಚಿನ ಆಕ್ಷೇಪಣೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಾಣುವುದಿಲ್ಲ. ಚಿಕ್ಕ ವಿವರದ ಮೇಲೆ ಹೀಗೆ ನಿಲ್ಲುವುದನ್ನು ಕಲಿಸಿದರೆ ವಿಶ್ಲೇಷಣೆಯ ಮುಕ್ಕಾಲು ಭಾಗ ಕಲಿಸಿದಂತೆಯೇ.

ಕಥೆಯೊಳಗಿನ ಕಾದಂಬರಿಯನ್ನು ಮರೆಯುವಂತಿಲ್ಲ. 'ಕಾಶಿಯಾತ್ರೆ'ಯ ಮುದುಕಿ ಕಾಶಿಗೆ ಹೋಗಲೆಂದು ಕೂಡಿಟ್ಟ ಹಣವನ್ನು ಅನಾಥ ಹುಡುಗಿಯೊಬ್ಬಳ ಮದುವೆಗೆ ಕೊಟ್ಟುಬಿಡುತ್ತಾಳೆ. ಆಕೆ ತನ್ನ ಆಸೆಯನ್ನು ಬಿಟ್ಟುಕೊಟ್ಟಳು. ಅದನ್ನು ಕೇಳಿ ಆಕೆಯಲ್ಲಿ ತನ್ನನ್ನೇ ಕಂಡುಕೊಂಡ ಈ ಅಜ್ಜಿ ತನ್ನ ಆಸೆಯನ್ನು ಬಿಡಲಿಲ್ಲ. ಇಬ್ಬರೂ ಎದುರು ಬದುರೋ, ಒಂದೇ ದಾರಿಯವರೋ? ಒಬ್ಬ ವಿದ್ಯಾರ್ಥಿ ಎದುರು ಬದುರು ಎನ್ನಬಹುದು. ಇನ್ನೊಬ್ಬ, ಇಬ್ಬರೂ ಹಣಕ್ಕಿಂತ ದೊಡ್ಡದೊಂದನ್ನು ಗುರುತಿಸಿದವರು ಎನ್ನಬಹುದು. ಎರಡಕ್ಕೂ ಪಠ್ಯದಲ್ಲಿ ಆಧಾರವಿದೆ. ಅಧ್ಯಾಪಕರು ಇಲ್ಲಿ ಒಂದನ್ನು ಸರಿಯೆಂದು ತೀರ್ಪು ಕೊಡದೆ, ಯಾರು ತಮ್ಮ ಮಾತನ್ನು ಚೆನ್ನಾಗಿ ಸಾಧಿಸಿದ್ದಾರೆ ಎಂದು ನೋಡಿ ಅಂಕ ಕೊಡಬೇಕು.

ಇನ್ನು ಪ್ಯಾರಾಗಳ ಜೋಡಣೆ. ಫರ್ಸಿ ಕಲ್ಲು ಹಾಸುವ ಕೆಲಸವನ್ನು ತಾಂಡೂರು ಸೀಮೆಯ ಮಕ್ಕಳು ನೋಡಿಯೇ ಇರುತ್ತಾರೆ. ಕಲ್ಲುಗಳ ಮಟ್ಟ ಸರಿಯಿದ್ದರೆ ಸಂದಿಗೆ ಎಳೆಯಷ್ಟು ಸಿಮೆಂಟು ಸಾಕು, ಮಟ್ಟ ತಪ್ಪಿದ್ದರೆ ಎಷ್ಟು ಸಿಮೆಂಟು ಮೆತ್ತಿದರೂ ಕಾಲಿಗೆ ಎಡವುತ್ತದೆ. 'ಮೊರೋವರ್', 'ಇನ್ ಅಡಿಷನ್', 'ದೇರ್‌ಫೋರ್' ಎಂಬ ಜೋಡಣೆಯ ಶಬ್ದಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವ ಪದ್ಧತಿಯಿದೆ. ಅದಕ್ಕಿಂತ ಪ್ರತಿ ಪ್ಯಾರಾದ ಮೊದಲ ವಾಕ್ಯಗಳನ್ನಷ್ಟೇ ಬೇರೆ ಹಾಳೆಯಲ್ಲಿ ಒಂದರ ಕೆಳಗೊಂದು ಬರೆಸಿ. ಅಜ್ಜಿಯ ದುಃಖ ಹಣದಿಂದ ತೀರುವಂಥದ್ದಲ್ಲ. ಕಲಿತ ಮೇಲೆ ಆಕೆ ಕಲಿಸಿದವಳ ಹಂಗನ್ನೂ ತೀರಿಸುತ್ತಾಳೆ. ಕೊನೆಯಲ್ಲಿ ಆಕೆ ಯಾರ ಸಹಾಯವೂ ಇಲ್ಲದೆ ಓದುವುದು ಕಥೆಗಾಗಿ ಅಲ್ಲ. ಈ ಮೂರು ವಾಕ್ಯಗಳನ್ನು ಓದಿದರೆ ವಾದ ಮೆಟ್ಟಿಲು ಹತ್ತುವುದು ತಿಳಿಯುತ್ತದೆ. ಎರಡನೆಯದನ್ನು ಮೊದಲಿಟ್ಟರೆ ಕೆಡುತ್ತದೆ. ಯಾವ ಪ್ಯಾರಾವನ್ನು ಎಲ್ಲಿಗೆ ಸರಿಸಿದರೂ ಏನೂ ಕೆಡದಿದ್ದರೆ ಅದು ಪ್ರಬಂಧವಲ್ಲ, ಟಿಪ್ಪಣಿಗಳ ಸಾಲು.

ಕನ್ನಡ ಮನೆಯ ಮಕ್ಕಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸಂಗತಿಯಿದೆ. ನಾವು ಮಾತಾಡುವಾಗ ಕಾರಣಗಳನ್ನೆಲ್ಲ ಹೇಳಿ ನಿರ್ಣಯವನ್ನು ಕೊನೆಗೆ ಇಡುತ್ತೇವೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವ ಹಾಗೆ ನಮ್ಮ ಮಾತಿನ ತಿರುಳೂ ಕೊನೆಗೆ ಬರುತ್ತದೆ. ಇದು ತಪ್ಪಲ್ಲ, ಕೇಳುವವರನ್ನು ಕೈಹಿಡಿದು ಕರೆದೊಯ್ಯುವ ಚೆಂದದ ಕ್ರಮ. ಆದರೆ ಇಂಗ್ಲಿಷ್ ತರಗತಿಯ ಪ್ರಬಂಧ ತಿರುಳನ್ನು ಮೊದಲೇ ಕೇಳುತ್ತದೆ. ಆದ್ದರಿಂದ ಮಕ್ಕಳು ಮೊದಲ ಸಲ ತಮಗೆ ಬಂದ ಹಾಗೆ ಬರೆಯಲಿ. ಬರೆದ ಮೇಲೆ ಕೊನೆಯ ಪ್ಯಾರಾವನ್ನು ನೋಡಲಿ. ಬಹಳ ಸಲ ವಾದ ಅಲ್ಲೇ ಕೂತಿರುತ್ತದೆ. ಆ ವಾಕ್ಯವನ್ನು ಕತ್ತರಿಸಿ ಮೊದಲ ಪ್ಯಾರಾದ ಕೊನೆಗೆ ತಂದಿಟ್ಟರೆ ಪ್ರಬಂಧದ ಅರ್ಧ ರೋಗ ವಾಸಿಯಾಗುತ್ತದೆ.

ಸಣ್ಣ ಸಣ್ಣ ಕಟ್ಟಳೆಗಳೂ ಇವೆ, ಬೇಗ ಹೇಳಿ ಮುಗಿಸುತ್ತೇನೆ. ಕಥೆಯೊಳಗೆ ನಡೆಯುವುದನ್ನು ಇಂಗ್ಲಿಷಿನಲ್ಲಿ ವರ್ತಮಾನ ಕಾಲದಲ್ಲಿ ಬರೆಯುತ್ತಾರೆ: ಅಜ್ಜಿ ಅಳುತ್ತಾಳೆ, ಕಲಿಯುತ್ತಾಳೆ. ಕಥೆ ಹೇಳುವ ಹುಡುಗಿಯನ್ನು ಲೇಖಕಿ ಎನ್ನಬಾರದು, ನಿರೂಪಕಿ ಎನ್ನಬೇಕು. ಇಲ್ಲಿ ಇಬ್ಬರೂ ಒಬ್ಬರೇ ಎಂದು ಅನ್ನಿಸಿದರೂ ಬರೆಯುವ ಹೊತ್ತಿನ ಸುಧಾ ಮೂರ್ತಿ ಬೇರೆ, ಅಜ್ಜಿಯ ವಯಸ್ಸು ನೋಡಿ ನಗುವ ಆ ಹನ್ನೆರಡರ ಹುಡುಗಿ ಬೇರೆ. ಆ ನಗುವಿನ ಬಗ್ಗೆಯೇ ಒಂದು ಪ್ಯಾರಾ ಬರೆಯಬಹುದು. 'ನನ್ನ ಅಭಿಪ್ರಾಯದಲ್ಲಿ' ಎಂದು ಪ್ರತಿ ವಾಕ್ಯಕ್ಕೂ ಸೇರಿಸುವುದು ಬೇಡ, ಬರೆದವರ ಅಭಿಪ್ರಾಯವೇ ಅದು ಎಂದು ಎಲ್ಲರಿಗೂ ಗೊತ್ತು. ಪಠ್ಯದ ಮಾತನ್ನು ಎತ್ತಿಕೊಂಡಾಗ ಉದ್ಧರಣ ಚಿಹ್ನೆ ಹಾಕಿ, ಅದನ್ನು ತಮ್ಮ ವಾಕ್ಯದೊಳಗೆ ಹೊಂದಿಸಬೇಕು.

ಪದ್ಯವಾದರೆ ಆಧಾರ ಘಟನೆಯಲ್ಲಿ ಸಿಗುವುದಿಲ್ಲ, ಶಬ್ದದಲ್ಲಿ ಸಿಗುತ್ತದೆ. ಕೇಂಬ್ರಿಜ್‌ನಲ್ಲಿ ಐ. ಎ. ರಿಚರ್ಡ್ಸ್ ಕವಿಯ ಹೆಸರು ತೆಗೆದ ಪದ್ಯಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಅವರು ಬರೆದದ್ದನ್ನು ಪರಿಶೀಲಿಸಿ 1929ರಲ್ಲಿ 'ಪ್ರಾಕ್ಟಿಕಲ್ ಕ್ರಿಟಿಸಿಸಂ' ಪ್ರಕಟಿಸಿದರು. ಹೆಸರಿನ ಆಸರೆ ಇಲ್ಲದಾಗ ಚೆನ್ನಾಗಿ ಓದಿಕೊಂಡವರೂ ಪದ್ಯದ ಸರಳ ಅರ್ಥವನ್ನೇ ತಪ್ಪಿದ್ದನ್ನು ಅವರು ಕಂಡರು. ನಮ್ಮ ತರಗತಿಗಳಲ್ಲೂ ಒಮ್ಮೆ ಇದನ್ನು ಮಾಡಿ ನೋಡಬೇಕು. ಮಹಾಕವಿ ಬರೆದದ್ದು ಎಂಬ ಭಯ ಹೋದರೆ ಮಕ್ಕಳು ಪದ್ಯದ ಶಬ್ದಗಳನ್ನು ನೋಡಲು ಶುರು ಮಾಡುತ್ತಾರೆ.

ಮುಕ್ತಾಯದ ಪ್ಯಾರಾದಲ್ಲಿ ಮೊದಲ ಪ್ಯಾರಾವನ್ನೇ ಬೇರೆ ಶಬ್ದಗಳಲ್ಲಿ ಬರೆಯುವುದು ರೂಢಿಯಾಗಿದೆ. ಅದರ ಬದಲು, ವಾದ ಸಾಬೀತಾದರೆ ಏನು ತಿಳಿದಂತಾಯಿತು ಎಂದು ಬರೆಯಲಿ. ಅಜ್ಜಿ ಹಂಗು ಹರಿದುಕೊಳ್ಳಲು ಕಲಿಯುತ್ತಾಳೆ ಎಂದಾದರೆ, ಇದು ವಯಸ್ಕರ ಶಿಕ್ಷಣದ ಕಥೆ ಎನ್ನುವುದಕ್ಕಿಂತ ಅನುಕೂಲಸ್ಥ ಮನೆಯೊಳಗಿನ ಹೆಂಗಸಿಗೂ ಸ್ವಾತಂತ್ರ್ಯ ಇರಲಿಲ್ಲ ಎಂಬುದರ ಕಥೆಯಾಗುತ್ತದೆ. ಅಷ್ಟು ಹೇಳಿದರೆ ಮುಕ್ತಾಯವಾಯಿತು.

ಇವೆಲ್ಲಕ್ಕೂ ತರಗತಿಯಲ್ಲಿ ಹೊತ್ತು ಎಲ್ಲಿದೆ ಎಂದು ಅಧ್ಯಾಪಕರು ಕೇಳುತ್ತಾರೆ. ಸಿಲಬಸ್ಸಿನ ಒತ್ತಡ ನಿಜ, ಒಂದೊಂದು ತರಗತಿಯಲ್ಲಿ ಕೂತಿರುವ ಮಕ್ಕಳ ಸಂಖ್ಯೆಯೂ ನಿಜ. ಆದರೂ ಒಂದು ಪಾಠಕ್ಕೆ ಒಂದೇ ಪಿರಿಯಡ್ಡಿನಷ್ಟು ಹೊತ್ತು, ಇಂಗ್ಲಿಷನ್ನು ಪಕ್ಕಕ್ಕಿಟ್ಟು, ಮಕ್ಕಳು ತಮ್ಮ ತಮ್ಮ ಮನೆಮಾತಿನಲ್ಲಿ ಆ ಕಥೆಯ ಬಗ್ಗೆ ಜಗಳವಾಡಲು ಬಿಡಬೇಕು ಎಂದು ಕೇಳಿಕೊಳ್ಳುತ್ತೇನೆ. ಕನ್ನಡದವರು ಕನ್ನಡದಲ್ಲಿ, ತೆಲುಗಿನವರು ತೆಲುಗಿನಲ್ಲಿ, ಉರ್ದುವಿನವರು ಉರ್ದುವಿನಲ್ಲಿ. ವಾದ ಹುಟ್ಟಿದ ಮೇಲೆ ಅದನ್ನು ಇಂಗ್ಲಿಷಿಗೆ ತರುವುದು ಶಬ್ದಕೋಶದ ಕೆಲಸ, ಅದಕ್ಕೆ ಸಹಾಯ ಮಾಡಬಹುದು. ವಾದವೇ ಹುಟ್ಟದಿದ್ದರೆ ಯಾವ ಶಬ್ದಕೋಶವೂ ಸಹಾಯಕ್ಕೆ ಬರುವುದಿಲ್ಲ. ಇಂಗ್ಲಿಷ್ ಪಿರಿಯಡ್ಡಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ದಂಡ ಹಾಕುವ ಶಾಲೆಗಳು ಈ ಒಂದು ಪಿರಿಯಡ್ಡನ್ನಾದರೂ ಬಿಟ್ಟುಕೊಡಲಿ.

ಅಭ್ಯಾಸಕ್ಕೆ ಇನ್ನೊಂದು ಕಥೆಯನ್ನು ಸೂಚಿಸುತ್ತೇನೆ. ಹತ್ತನೆಯ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ತೆಲುಗಿನ ಪಿ. ಸತ್ಯವತಿಯವರ 'ವಾಟ್ ಈಸ್ ಮೈ ನೇಮ್?' ಎಂಬ ಕಥೆಯನ್ನು ಇಲ್ಲಿಯ ಮಕ್ಕಳು ಓದಿದ್ದಾರೆ. ಅದರಲ್ಲಿ ಓದು ಬಲ್ಲ, ಜಾಣೆಯಾದ ಗೃಹಿಣಿಯೊಬ್ಬಳು ಮನೆಯ ನೆಲ ಒರೆಸುತ್ತ ಒರೆಸುತ್ತ ತನ್ನ ಹೆಸರನ್ನೇ ಮರೆಯುತ್ತಾಳೆ, ಹೆಸರು ಹುಡುಕಿಕೊಂಡು ಹೊರಡುತ್ತಾಳೆ. ಇಲ್ಲಿ ಅಕ್ಷರವಿಲ್ಲದ ಅಜ್ಜಿ ಹೆಸರುಗಳನ್ನು ಓದುವ ಹಂತಕ್ಕೆ ಬರುತ್ತಾಳೆ, ಅಲ್ಲಿ ಅಕ್ಷರವಂತೆ ತನ್ನ ಹೆಸರನ್ನೇ ಕಳೆದುಕೊಳ್ಳುತ್ತಾಳೆ. ಹಾಗಾದರೆ ಹಂಗಿಲ್ಲದಿರುವುದಕ್ಕೆ ಅಕ್ಷರವೊಂದೇ ಸಾಕೇ ಎಂಬ ಪ್ರಶ್ನೆ ಏಳುತ್ತದೆ. ಇದನ್ನು ಬರೆಯುವಾಗ ಮೊದಲ ಅರ್ಧದಲ್ಲಿ ಒಂದು ಕಥೆ, ಉಳಿದರ್ಧದಲ್ಲಿ ಇನ್ನೊಂದು ಎಂದು ಹಂಚಿಕೊಂಡರೆ ಮತ್ತೆ ಎರಡು ಕಥಾಸಾರಗಳಾಗುತ್ತವೆ. ಓದು, ಮನೆಗೆಲಸ, ಹೆಸರು ಎಂದು ಒಂದೊಂದು ಅಂಶಕ್ಕೆ ಒಂದೊಂದು ಪ್ಯಾರಾ ಇಟ್ಟುಕೊಂಡು, ಪ್ರತಿ ಪ್ಯಾರಾದಲ್ಲೂ ಇಬ್ಬರು ಹೆಂಗಸರನ್ನೂ ಪಕ್ಕಪಕ್ಕ ತರಬೇಕು. ಅಡುಗೆಮನೆಯಲ್ಲೇ ಇರುವ ಅಜ್ಜಿಗೆ ಮನೆಗೆಲಸ ಅಡ್ಡಿಯಾಗಲಿಲ್ಲ, ಆ ಗೃಹಿಣಿಗೆ ಯಾಕಾಯಿತು ಎಂಬಲ್ಲಿಂದ ಶುರುಮಾಡಬಹುದು.